ಹಳೆಯ ಕ್ಯಾರಿಯರ್ ಕೊಳ್ಳುವಾಗ ಮೊದಲು ಅದರ ಕಾಲುಗಳನ್ನು ನೋಡಿ
ಸಾಮಾನು ಹೊರಲೆಂದು ಸಣ್ಣ ಕಾರಿನ ಚಾವಣಿಗೆ ಸೆಕೆಂಡ್ ಹ್ಯಾಂಡ್ ಕ್ಯಾರಿಯರ್ ಹಾಕುವುದು ಜಿಪುಣರ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಎರಡು ಅಡ್ಡ ಸರಳುಗಳಿಗೆ ಹೊಸದೇನು, ಹಳೆಯದೇನು ಎಂದು ಕಣ್ಣುಮುಚ್ಚಿ ಕೊಂಡು ತರುವವರೂ ಇದ್ದಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಹಳೆಯದನ್ನು ಕೊಳ್ಳುವುದು ಜಾಣತನವೇ, ಏಕೆಂದರೆ ಸರಳುಗಳು ಅಷ್ಟು ಸುಲಭವಾಗಿ ಸವೆಯುವ ವಸ್ತುಗಳಲ್ಲ. ಆದರೆ ಸರಳುಗಳನ್ನು ಹೊತ್ತು ನಿಲ್ಲುವ ಕಾಲುಗಳಲ್ಲಿ, ಚಾವಣಿಯನ್ನು ನೇರವಾಗಿ ಮುಟ್ಟುವ ರಬ್ಬರು, ಬಾಗಿಲ ಚೌಕಟ್ಟನ್ನು ಹಿಡಿಯುವ ಕೊಕ್ಕೆ ಮತ್ತು ಇವನ್ನು ಬಿಗಿಯುವ ಬೋಲ್ಟು ನಿಮ್ಮ ಕಾರಿನ ಮಾದರಿಗೆಂದೇ ತಯಾರಾದವಾಗಿರಬೇಕು. ಅವುಗಳ ಬಗ್ಗೆ ಅನುಮಾನ ಬಂದರೆ ಹೊಸದನ್ನೇ ತರಬೇಕು. ಸರಳಿನಲ್ಲಿ ಉಳಿಸಿದ ಹಣವನ್ನು ಖರ್ಚು ಮಾಡಬೇಕಾದ ಜಾಗ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದಿನ ಕಾಲದ ಕಾರುಗಳಲ್ಲಿ ಚಾವಣಿಯ ಎರಡೂ ಬದಿಗೆ ಮಳೆನೀರು ಹರಿದುಹೋಗುವ ತಗಡಿನ ಅಂಚು ಇರುತ್ತಿತ್ತು, ಆ ಅಂಚಿಗೆ ಹೆಚ್ಚುಕಡಿಮೆ ಯಾವ ಕ್ಯಾರಿಯರನ್ನಾದರೂ ಕಚ್ಚಿಸಬಹುದಿತ್ತು. ಇಂದಿನ ಸಣ್ಣ ಕಾರುಗಳಲ್ಲಿ ಆ ಅಂಚೇ ಇಲ್ಲ. ಕೆಲವು ಕಾರುಗಳ ಚಾವಣಿಯಲ್ಲಿ ಚಿಕ್ಕ ಮುಚ್ಚಳಗಳ ಕೆಳಗೆ ಬೋಲ್ಟು ಹಾಕಲು ತೂತುಗಳಿರುತ್ತವೆ. ಕೆಲವಕ್ಕೆ ಉದ್ದಕ್ಕೂ ರೇಲ್‌ಗಳಿರುತ್ತವೆ, ಆದರೆ ಅವುಗಳಲ್ಲಿ ಬರೀ ಅಲಂಕಾರಕ್ಕೆ ಅಂಟಿಸಿದವೂ ಉಂಟು, ಅವು ಭಾರ ಹೊರುವುದಿಲ್ಲ. ಇವೆರಡೂ ಇಲ್ಲದ ಕಾರಿನಲ್ಲಿ, ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಮೇಲಂಚಿಗೆ ಉಕ್ಕಿನ ಕೊಕ್ಕೆಯನ್ನು ಸಿಕ್ಕಿಸಿ, ಕಾಲನ್ನು ಕೆಳಕ್ಕೆಳೆದು ಬಿಗಿಯಬೇಕು. ಆ ಅಂಚಿನ ತಿರುವು ಒಂದೊಂದು ಕಾರಿಗೂ ಬೇರೆ. ಒಂದೇ ಹೆಸರಿನ ಕಾರಿನ ಹಳೆಯ ಮತ್ತು ಹೊಸ ಮಾದರಿಗಳ ನಡುವೆಯೂ ಬೇರೆ. ಥೂಲೆ, ಯಾಕಿಮಾದಂಥ ಕಂಪನಿಗಳು ಸರಳು, ಕಾಲು ಮತ್ತು ಕಾರಿಗೆ ತಕ್ಕ ಫಿಟಿಂಗ್ ಕಿಟ್ಟುಗಳನ್ನು ಬೇರೆಬೇರೆಯಾಗಿ ಮಾರುವುದು ಇದೇ ಕಾರಣಕ್ಕೆ. ಆದ್ದರಿಂದ ಮಾರುವವರು ‘ಇದು ಎಲ್ಲ ಕಾರಿಗೂ ಆಗುತ್ತದೆ’ ಎಂದರೆ ನಾನು ಆ ಮಾತನ್ನು ನಂಬುವುದಿಲ್ಲ. ಕಿಟ್ಟಿನ ನಂಬರ್ ಕೇಳುತ್ತೇನೆ, ಕಂಪನಿಯ ಪಟ್ಟಿಯಲ್ಲಿ ಅದು ನನ್ನ ಕಾರಿನ ಮಾದರಿಗೂ ವರ್ಷಕ್ಕೂ ಹೊಂದುತ್ತದೆಯೇ ಎಂದು ನೋಡುತ್ತೇನೆ.

ಕೊಳ್ಳುವ ಮುನ್ನ ಒಂದು ಕಾಲನ್ನು ಕೈಗೆತ್ತಿಕೊಂಡು ತಲೆಕೆಳಗು ಮಾಡಿ ನೋಡಿ. ಅಡಿಯ ರಬ್ಬರನ್ನು ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಬಿಸಿಲಿಗೆ ಬಿದ್ದು ಹಳೆಯದಾದ ರಬ್ಬರು ಹೊಳಪು ಕಳೆದುಕೊಂಡು ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ, ಅಂಚನ್ನು ತುಸು ಬಗ್ಗಿಸಿದರೆ ಕೂದಲೆಳೆಯಂಥ ಬಿರುಕುಗಳು ಬಾಯಿಬಿಡುತ್ತವೆ. ಅಂಥದ್ದು ಚಾವಣಿಯನ್ನು ಹಿಡಿಯುವ ಬದಲು ಜಾರುತ್ತದೆ, ಜಾರುವಾಗ ಪೇಂಟನ್ನೂ ಕೆರೆಯುತ್ತದೆ. ಬೋಲ್ಟನ್ನು ಬರಿಗೈಯಲ್ಲಿ ಕೊನೆಯವರೆಗೂ ತಿರುಗಿಸಿ ನೋಡಿ. ಎಲ್ಲಾದರೂ ಕಚ್ಚಿಕೊಂಡರೆ ತುಕ್ಕು ಹಿಡಿದಿರಬಹುದು, ಬಿಗಿಯಾಗದೆ ಸುಮ್ಮನೆ ಸುತ್ತುತ್ತಲೇ ಹೋದರೆ ಥ್ರೆಡ್ ಹೋಗಿದೆ ಎಂದರ್ಥ. ಕೊಕ್ಕೆಯ ತಗಡನ್ನು ಯಾರಾದರೂ ಸುತ್ತಿಗೆಯಿಂದ ಬಡಿದು ತಮ್ಮ ಕಾರಿಗೆ ಹೊಂದಿಸಿಕೊಂಡಿದ್ದರೆ ಬಾಗಿದ ಜಾಗದಲ್ಲಿ ಅದರ ಗುರುತು ಉಳಿದಿರುತ್ತದೆ, ಅಂಥ ಕೊಕ್ಕೆಯನ್ನು ಅಲ್ಲಿಯೇ ಬಿಟ್ಟುಬನ್ನಿ. ಸರಳಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿದ್ದರೆ ಒಳಗೆ ನೀರು ನಿಂತಿರುವ ಸಾಧ್ಯತೆಯಿದೆ. ಸರಳನ್ನು ಓರೆ ಮಾಡಿ ಕುಲುಕಿದಾಗ ತುಕ್ಕಿನ ಪುಡಿ ಉದುರಿದರೆ ಮುಂದೆ ಚೌಕಾಸಿ ಮಾಡುವ ಅಗತ್ಯವೇ ಇಲ್ಲ.

ಜೋಡಿಸುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಕಾಲು ಕೂರುವ ಜಾಗವನ್ನೂ ರಬ್ಬರಿನ ಅಡಿಯನ್ನೂ ತೊಳೆದು ಒಣಗಿಸಬೇಕು, ಏಕೆಂದರೆ ನಡುವೆ ಸಿಕ್ಕಿಕೊಂಡ ಮರಳು ಕ್ಯಾರಿಯರ್ ಅಲುಗಿದಾಗಲೆಲ್ಲ ಬಣ್ಣವನ್ನು ಉಜ್ಜುತ್ತಲೇ ಇರುತ್ತದೆ. ಮುಂದಿನ ಗಾಜಿನ ಅಂಚಿನಿಂದ ಮೊದಲ ಸರಳು ಎಷ್ಟು ದೂರ, ಅಲ್ಲಿಂದ ಎರಡನೆಯದು ಎಷ್ಟು ದೂರ ಎಂಬ ಅಳತೆ ಕಿಟ್ಟಿನ ಹಾಳೆಯಲ್ಲಿರುತ್ತದೆ, ಅದನ್ನು ಅಂದಾಜಿಗೆ ಬಿಡಬಾರದು. ಒಂದು ಬದಿಯನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಸರಳು ಆ ಕಡೆಗೇ ಸರಿದು ಕೂರುತ್ತದೆ. ಎಡಕ್ಕಷ್ಟು, ಬಲಕ್ಕಷ್ಟು ಎಂದು ಸರದಿಯಂತೆ ಬಿಗಿಯಬೇಕು. ಕಂಪನಿ ಟಾರ್ಕ್ ಅಳತೆಯನ್ನು, ಅಂದರೆ ಬೋಲ್ಟನ್ನು ಎಷ್ಟು ಬಲದಿಂದ ತಿರುಗಿಸಬೇಕೆಂಬ ಲೆಕ್ಕವನ್ನು, ಕೊಟ್ಟಿದ್ದರೆ ಅಷ್ಟಕ್ಕೇ ನಿಲ್ಲಿಸಬೇಕು, ಮಿತಿಮೀರಿ ಬಿಗಿದರೆ ಚಾವಣಿಯ ತಗಡು ತಗ್ಗುತ್ತದೆ. ಬಾಗಿಲು ಮುಚ್ಚುವಾಗ ಮೊದಲಿಗಿಂತ ಹೆಚ್ಚು ಒತ್ತಡ ಬೇಕಾದರೆ ಕೊಕ್ಕೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯ (ಬೀಡಿಂಗ್) ಮೇಲೆ ಕೂತಿದೆಯೇ ಎಂದು ನೋಡಿ. ಸ್ವಲ್ಪ ದೂರ ಓಡಿಸಿದ ಮೇಲೆ ರಬ್ಬರು ಅಮರಿ ಬಿಗಿ ಸಡಿಲವಾಗಿರುತ್ತದೆ, ಆಗ ಇನ್ನೊಮ್ಮೆ ಸ್ಪ್ಯಾನರ್ ಹಿಡಿಯಲೇಬೇಕು.

ಕ್ಯಾರಿಯರ್ ಮೇಲೆ 75 ಕೆಜಿ ಎಂದು ಬರೆದಿರುವುದನ್ನು ನೋಡಿ ಸಮಾಧಾನಪಡುವವರು ಕಾರಿನ ಕೈಪಿಡಿಯನ್ನು ತೆರೆದಿರುವುದಿಲ್ಲ. ಅನೇಕ ಸಣ್ಣ ಕಾರುಗಳ ಚಾವಣಿಗೆ 50 ಕೆಜಿಯೇ ಗರಿಷ್ಠ ಮಿತಿ, ಕೆಲವಕ್ಕೆ ಕ್ಯಾರಿಯರ್ ಹಾಕಲು ಅನುಮತಿಯೇ ಇಲ್ಲ. ಎರಡು ಮಿತಿಗಳಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಕ್ಯಾರಿಯರಿನ ತೂಕವೂ ಸಾಮಾನ್ಯವಾಗಿ ಅದರೊಳಗೇ ಸೇರುತ್ತದೆ: 5 ಕೆಜಿಯ ಸರಳು ಮತ್ತು ಕಾಲುಗಳ ಮೇಲೆ 15 ಕೆಜಿಯ ಪೆಟ್ಟಿಗೆ ಕೂರಿಸಿದರೆ ಸಾಮಾನಿಗೆ ಉಳಿಯುವುದು 30 ಕೆಜಿ. ಆ ತೂಕವೂ ಕಾರಿನ ಅತ್ಯಂತ ಎತ್ತರದ ಜಾಗದಲ್ಲಿರುವುದರಿಂದ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ. ಹಾಗಾಗಿ ಭಾರವಾದದ್ದು ಡಿಕ್ಕಿಗೆ, ಹಗುರವಾಗಿ ಜಾಗ ತಿನ್ನುವಂಥದ್ದು ಮೇಲಕ್ಕೆ ಎಂಬ ಕ್ರಮವನ್ನೇ ನಾನು ಒಪ್ಪುತ್ತೇನೆ. ಹಗುರವಾದದ್ದಕ್ಕೂ ಅದರದೇ ಅಪಾಯವಿದೆ. ವೇಗ 60ರಿಂದ 120 ಕಿ.ಮೀ.ಗೆ ಏರಿದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಪ್ಲೈವುಡ್ ಹಲಗೆಯಂಥ ಅಗಲವಾದ ವಸ್ತುವಿನ ಅಡಿಗೆ ಗಾಳಿ ನುಗ್ಗಿದಾಗ ಅದರೊಂದಿಗೆ ಇಡೀ ಕ್ಯಾರಿಯರನ್ನೇ ಮೇಲಕ್ಕೆಳೆಯುತ್ತದೆ, ಆ ಎಳೆತವನ್ನು ತಡೆಯಬೇಕಾದವು ನಾಲ್ಕು ಕೊಕ್ಕೆಗಳು ಮಾತ್ರ. ಹಳೆಯ ಕೊಕ್ಕೆಯ ವಿಷಯದಲ್ಲಿ ನನ್ನ ಹಟಕ್ಕೆ ಇದೇ ಕಾರಣ.

ಕೆಲಸ ಮುಗಿದ ಮೇಲೂ ಕ್ಯಾರಿಯರನ್ನು ಶೋಕಿಗೆ ಹಾಕಿಕೊಂಡೇ ತಿರುಗುವುದು ನನಗೆ ಅರ್ಥವಾಗದ ಅಭ್ಯಾಸ. ದೊಡ್ಡದಾದ, ಮೊಂಡು ಮುಖದ ಪೆಟ್ಟಿಗೆಯನ್ನು ಚಾವಣಿಯ ಮೇಲೆ ಹೊತ್ತರೆ ಹೆದ್ದಾರಿಯಲ್ಲಿ ಮೈಲೇಜ್ 6ರಿಂದ 17 ಪ್ರತಿಶತ ಇಳಿಯಬಹುದು ಎಂದು ಅಮೆರಿಕ ಸರ್ಕಾರದ ಇಂಧನ ಮಾಹಿತಿ ಹೇಳುತ್ತದೆ. ಬರೀ ಸರಳುಗಳಿಂದ ಅಷ್ಟು ನಷ್ಟವಾಗದಿದ್ದರೂ ಅವುಗಳ ಸಿಳ್ಳೆ ಕಿವಿಯನ್ನು ಕೊರೆಯುತ್ತದೆ. (ದುಂಡು ಸರಳಿಗೆ ಹಗ್ಗವನ್ನು ಸುರುಳಿಯಾಗಿ ಸುತ್ತಿದರೆ ಗಾಳಿಯ ಸುಳಿಗಳು ಒಡೆದು ಸಿಳ್ಳೆ ತಗ್ಗುತ್ತದೆ, ನೋಡಲು ಚೆಂದವಿಲ್ಲ, ಆದರೆ ಕೆಲಸ ಮಾಡುತ್ತದೆ.) ಬಿಚ್ಚಿಟ್ಟರೆ ರಬ್ಬರೂ ಬಿಸಿಲಿನಿಂದ ಉಳಿಯುತ್ತದೆ. ಬಿಚ್ಚುವಾಗ ಪ್ರತಿ ಕಾಲಿನ ಒಳಬದಿಗೆ ಮುಂದೆ-ಎಡ, ಹಿಂದೆ-ಬಲ ಎಂದು ಮಾರ್ಕರ್ ಪೆನ್ನಿನಿಂದ ಬರೆದಿಡಿ, ಏಕೆಂದರೆ ಚಾವಣಿಯ ಬಾಗು ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಇರುವುದರಿಂದ ಕಾಲಿನ ಅಡಿಯ ನಾಲ್ಕು ರಬ್ಬರ್ ಪ್ಯಾಡುಗಳೂ ಒಂದೇ ಆಕಾರದವಲ್ಲ. ಬೀಗದ ಕೈ, ಬೋಲ್ಟುಗಳು ಮತ್ತು ಅಳತೆಯ ಹಾಳೆಯನ್ನು ಒಂದೇ ಚೀಲದಲ್ಲಿ ಹಾಕಿ ಸರಳಿಗೇ ಕಟ್ಟಿಡಿ.