ವಿಮಾನ ತಂದುಕೊಟ್ಟವರು

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಮಾರ್ಚ್ 17ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಜಾನ್ ಹೆಮಿಂಗ್‌ವೇ ಎಂಬ ಹಿರಿಯರು ತೀರಿಕೊಂಡರು. ಅವರಿಗೆ 105 ವರ್ಷ. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನ ಓಡಿಸಿದವರು. ನಾಲ್ಕು ಸಲ ಅವರ ವಿಮಾನವನ್ನು ಶತ್ರುಗಳು ಹೊಡೆದು ಕೆಡವಿದ್ದರು, ನಾಲ್ಕೂ ಸಲ ಬದುಕಿ ಬಂದರು. 1940ರ ಜುಲೈಯಿಂದ ಅಕ್ಟೋಬರ್‌ವರೆಗೆ ಜರ್ಮನಿಯ ವಾಯುಪಡೆ ಬ್ರಿಟನ್ನಿನ ಮೇಲೆ ಮುಗಿಬಿದ್ದಾಗ, ಅದನ್ನು ಆಕಾಶದಲ್ಲೇ ತಡೆದವರು ಸುಮಾರು ಮೂರು ಸಾವಿರ ಜನ. ಅವರಲ್ಲಿ 544 ಜನ ಆ ಕದನದಲ್ಲೇ ಸತ್ತರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಹೆಮಿಂಗ್‌ವೇ ಆ ಮೂರು ಸಾವಿರದಲ್ಲಿ ಉಳಿದಿದ್ದ ಕೊನೆಯವರು. ಈಗ ಅವರೂ ಇಲ್ಲ.

ಆ ಪೈಲಟ್‌ಗಳನ್ನು ಬ್ರಿಟನ್ ಮರೆತಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದಲ್ಲಿ ಅವರ ಹೆಸರುಗಳನ್ನು ಕಂಚಿನಲ್ಲಿ ಬರೆಸಿ ನಿಲ್ಲಿಸಿದ್ದಾರೆ. ಅದು ಆಗಬೇಕಾದ್ದೇ. ಆ ಕದನ ಮುಗಿಯುವ ಹೊತ್ತಿಗೆ ನಮ್ಮ ದೇಶದಿಂದಲೂ 24 ಜನ ಪೈಲಟ್‌ಗಳು ಅಲ್ಲಿಗೆ ಹೋದರು. ಅವರಲ್ಲೊಬ್ಬರು ಶಿಮ್ಲಾದಲ್ಲಿ ಹುಟ್ಟಿದ ಮೊಹಿಂದರ್ ಸಿಂಗ್ ಪುಜ್ಜಿ. ಪೇಟ ತೆಗೆಯದೆ ಹರಿಕೇನ್ ಎಂಬ ಯುದ್ಧವಿಮಾನ ಓಡಿಸಿದರು. ಗ್ರೇವ್ಸೆಂಡ್ ಎಂಬ ಊರಲ್ಲಿ ಈಗ ಅವರ ಪ್ರತಿಮೆ ಇದೆ.

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಒಂದು ವಿಮಾನ ಉರುಳಿತು, ಪೈಲಟ್ ಪ್ಯಾರಾಚೂಟ್ ಕಟ್ಟಿಕೊಂಡು ಬದುಕಿದ. ಮಾರನೇ ದಿನ ಅವನಿಗೆ ಇನ್ನೊಂದು ವಿಮಾನ ಬೇಕಲ್ಲ, ಅದನ್ನು ತಂದುಕೊಟ್ಟವರು ಯಾರು? ಕಾರ್ಖಾನೆಯಿಂದ ಹೊರಬಿದ್ದ ವಿಮಾನವನ್ನು ಮೊದಲು ಬಂದೂಕು, ರೇಡಿಯೊ ಜೋಡಿಸುವ ಜಾಗಕ್ಕೆ ಒಯ್ಯಬೇಕು. ಅಲ್ಲಿಂದ ದಂಡಿನ ವಿಮಾನ ನಿಲ್ದಾಣಕ್ಕೆ ಮುಟ್ಟಿಸಬೇಕು. ಕೆಟ್ಟುಹೋದದ್ದನ್ನು ರಿಪೇರಿಗೆ ತರಬೇಕು. ಯುದ್ಧ ಮಾಡುವ ಪೈಲಟ್‌ಗಳನ್ನು ಈ ಕೆಲಸಕ್ಕೆ ಹಚ್ಚಿದರೆ ಯುದ್ಧ ಮಾಡುವವರು ಯಾರು?

ಅದಕ್ಕೆಂದೇ 1939ರಲ್ಲಿ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ಸಂಸ್ಥೆ ಕಟ್ಟಿದರು. ಸುಲಭಕ್ಕೆ ಎಟಿಎ ಅನ್ನೋಣ. ಇದು ಸೇನೆಯಲ್ಲ, ನಾಗರಿಕರ ಸಂಸ್ಥೆ. ವಯಸ್ಸಾಯಿತು ಅಂತಲೋ, ಕಣ್ಣು ಮಂಜು ಅಂತಲೋ ವಾಯುಪಡೆ ಬೇಡವೆಂದವರು ಇಲ್ಲಿ ಸೇರಿಕೊಂಡರು. ಸ್ಟುವರ್ಟ್ ಕೀತ್-ಜಾಪ್ ಎಂಬವರಿಗೆ ಒಂದೇ ಕೈ, ಒಂದೇ ಕಣ್ಣು. ಅವರೂ ವಿಮಾನ ಮುಟ್ಟಿಸಿದರು. ಆಮೇಲೆ ಬಂದವರು ಹೆಂಗಸರು.

ಅವರನ್ನು ಸೇರಿಸಿಕೊಳ್ಳುವುದಕ್ಕೆ ಸಾಕಷ್ಟು ಜಗಳ ಆಯಿತು. ಕೆಲಸವಿಲ್ಲದ ಗಂಡಸರ ಅನ್ನ ಕಿತ್ತುಕೊಳ್ಳುತ್ತಾರೆ ಅಂದರು. ಆಸ್ಪತ್ರೆಯ ನೆಲ ಒರೆಸುವ ಬುದ್ಧಿ ಇಲ್ಲದವರಿಗೆ ಬಾಂಬರ್ ಓಡಿಸುವ ಆಸೆ ಅಂತ ಒಬ್ಬ ಪತ್ರಿಕಾ ಸಂಪಾದಕರು ಬರೆದರು. ಇದಕ್ಕೆಲ್ಲ ಹೆದರದೆ ಪಟ್ಟು ಹಿಡಿದವರು ಪಾಲಿನ್ ಗವರ್. ವಿಮಾನ ಓಡಿಸಿಯೇ ಅನ್ನ ಸಂಪಾದಿಸಿದ್ದ ಹೆಣ್ಣುಮಗಳು. 1940ರ ಜನವರಿ 1ರಂದು ಅವರು ಆರಿಸಿದ ಎಂಟು ಮಹಿಳೆಯರು ಹ್ಯಾಟ್‌ಫೀಲ್ಡ್ ಎಂಬಲ್ಲಿ ಕೆಲಸಕ್ಕೆ ಸೇರಿದರು.

ಮೊದಲು ಇವರ ಕೈಗೆ ಕೊಟ್ಟದ್ದು ಟೈಗರ್ ಮಾತ್ ಎಂಬ ಪುಟ್ಟ ತರಬೇತಿ ವಿಮಾನ. ಅದಕ್ಕೆ ಮೇಲೆ ಮುಚ್ಚಳವೇ ಇಲ್ಲ. ತಲೆ, ಮುಖ ಎಲ್ಲ ಗಾಳಿಗೆ. ಜನವರಿ ಚಳಿಯಲ್ಲಿ, ಹಿಮ ಬೀಳುವಾಗ, ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಅದರಲ್ಲಿ ಕೂತು ಹೋಗಬೇಕು. ವಿಮಾನ ಒಪ್ಪಿಸಿ, ಪ್ಯಾರಾಚೂಟ್ ಹೆಗಲಿಗೆ ಹಾಕಿಕೊಂಡು ರಾತ್ರಿ ರೈಲಿನಲ್ಲಿ ವಾಪಸ್ಸು. ಬೆಳಗಾದರೆ ಮತ್ತೊಂದು. 1940ರ ಆ ದೊಡ್ಡ ಕದನದ ಹೊತ್ತಿಗೂ ಹೆಂಗಸರಿಗೆ ಯುದ್ಧವಿಮಾನ ಮುಟ್ಟಲು ಬಿಟ್ಟಿರಲಿಲ್ಲ. ಬಿಟ್ಟದ್ದು 1941ರ ಜುಲೈಯಲ್ಲಿ. ಅಲ್ಲಿಂದ ಹರಿಕೇನ್, ಸ್ಪಿಟ್‌ಫೈರ್, ಆಮೇಲೆ ಬಾಂಬರ್‌ಗಳು. ಲೆಟಿಸ್ ಕರ್ಟಿಸ್ ಎಂಬವರು ನಾಲ್ಕು ಎಂಜಿನ್‌ನ ಭಾರಿ ಬಾಂಬರ್‌ಗಳನ್ನೂ ಓಡಿಸಿದರು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸೌತಾಂಪ್ಟನ್ ಪಕ್ಕ ಹ್ಯಾಂಬಲ್ ಅಂತ ಒಂದು ಊರು. ಸ್ಪಿಟ್‌ಫೈರ್ ತಯಾರಾಗುತ್ತಿದ್ದದ್ದು ಅಲ್ಲೇ ಹತ್ತಿರ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ನರು ಆ ಕಾರ್ಖಾನೆಗೆ ಬಾಂಬ್ ಹಾಕಿದ ಮೇಲೆ ಕೆಲಸವನ್ನು ಸುತ್ತಲಿನ ಊರುಗಳ ಗ್ಯಾರೇಜು, ಬಸ್ ಡಿಪೊ, ಲಾಂಡ್ರಿಗಳಿಗೆ ಹಂಚಿದರು. ಒಂದು ಕಡೆ ರೆಕ್ಕೆ, ಇನ್ನೊಂದು ಕಡೆ ಬಾಲ. ಎಲ್ಲ ಜೋಡಿಸಿ ಸಿದ್ಧವಾದ ವಿಮಾನವನ್ನು ಒಯ್ಯುವವರು ಹ್ಯಾಂಬಲ್‌ನ ಎಟಿಎ ಕೇಂದ್ರದವರು. ಆ ಕೇಂದ್ರದ ಪೈಲಟ್‌ಗಳೆಲ್ಲ ಹೆಂಗಸರೇ. ಅದರ ಮುಖ್ಯಸ್ಥೆ ಮಾರ್ಗೊ ಗೋರ್.

ಬೆಳಗ್ಗೆ ಬಂದರೆ ಕೈಗೆ ಒಂದು ಚೀಟಿ. ಯಾವ ವಿಮಾನ, ಎಲ್ಲಿಂದ, ಎಲ್ಲಿಗೆ. ಎಷ್ಟೋ ಸಲ ಆ ಚೀಟಿಯಲ್ಲಿ ಜನ್ಮದಲ್ಲೇ ಕೂರದ ವಿಮಾನದ ಹೆಸರು ಇರುತ್ತಿತ್ತು. ಮಾರುತಿ ಕಾರು ಕಲಿತವರ ಕೈಗೆ ಬೆಳಗ್ಗೆ ಲಾರಿ, ಮಧ್ಯಾಹ್ನ ಬಸ್ಸು ಕೊಟ್ಟು, ಒಬ್ಬರೇ ಓಡಿಸಿಕೊಂಡು ಹೋಗಿ ಅಂದ ಹಾಗೆ. ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ವಿಮಾನಗಳನ್ನು ವರ್ಗಗಳಾಗಿ ವಿಂಗಡಿಸಿದ್ದರು. ಒಂದು ವರ್ಗದ ತರಬೇತಿ ಮುಗಿಸಿದರೆ ಆ ವರ್ಗದ ಯಾವುದನ್ನು ಬೇಕಾದರೂ ಓಡಿಸಬಹುದು. ಜತೆಗೆ ಕಿಸೆಗೆ ಹಿಡಿಯುವಷ್ಟು ದೊಡ್ಡ ಒಂದು ಪುಸ್ತಕ. ಉಂಗುರ ಹಾಕಿ ಪೋಣಿಸಿದ ಕಾರ್ಡುಗಳು. ಒಂದೊಂದು ವಿಮಾನದ್ದೂ ಮುಖ್ಯ ಸಂಗತಿ ಕಾರ್ಡಿನಲ್ಲಿ. ಏರುವಾಗ ಎಷ್ಟು ವೇಗ, ಇಳಿಯುವಾಗ ಎಷ್ಟು, ಚಕ್ರ ಮಡಚುವುದು ಹೇಗೆ. ರೆಕ್ಕೆಯ ನೆರಳಲ್ಲಿ ನಿಂತು ಓದಿ, ಹತ್ತಿ ಹೋಗಬೇಕು. ಈ ರೀತಿ ಎಟಿಎ ಪೈಲಟ್‌ಗಳು ಎಲ್ಲ ಸೇರಿ 147 ಬಗೆಯ ವಿಮಾನಗಳನ್ನು ಓಡಿಸಿದರು.

ಸ್ಪಿಟ್‌ಫೈರ್ ಹತ್ತಿದ ಮೇಲೆ ಏನೇನು ನಡೆಯುತ್ತಿತ್ತು, ಸ್ವಲ್ಪ ಹತ್ತಿರದಿಂದ ನೋಡೋಣ. ಕಾಕ್‌ಪಿಟ್ ಬಲು ಇಕ್ಕಟ್ಟು, ಭುಜ ಎರಡೂ ಕಡೆ ತಾಗುತ್ತದೆ. ಪ್ಯಾರಾಚೂಟೇ ಕೂರುವ ಮೆತ್ತೆ. ನೆಲದ ಮೇಲಿದ್ದಾಗ ಮೂತಿ ಮೇಲಕ್ಕೆ ಎದ್ದುಕೊಂಡಿರುವುದರಿಂದ ಮುಂದೇನಿದೆ ಅಂತ ಕಾಣುವುದೇ ಇಲ್ಲ. ಆ ಕಡೆ ಈ ಕಡೆ ಓಲಾಡಿಸಿಕೊಂಡು, ಪಕ್ಕದಿಂದ ಇಣುಕಿ ನೋಡಿಕೊಂಡು ಹೋಗಬೇಕು. ಹಾಗಂತ ನಿಧಾನ ಮಾಡುವಂತಿಲ್ಲ. ನೆಲದ ಮೇಲೆ ಜಾಸ್ತಿ ಹೊತ್ತು ಓಡಿಸಿದರೆ ಎಂಜಿನ್ ಕುದಿಯುತ್ತದೆ. ನೆಲ ಬಿಟ್ಟ ಕೂಡಲೇ ಇನ್ನೊಂದು ಫಜೀತಿ. ಚಕ್ರ ಮಡಚುವ ಹಿಡಿಕೆ ಇರುವುದು ಬಲಗಡೆ. ಅಲ್ಲಿಯವರೆಗೆ ಬಲಗೈಯಲ್ಲಿದ್ದ, ವಿಮಾನ ನಡೆಸುವ ಕೋಲನ್ನು ಎಡಗೈಗೆ ಬದಲಾಯಿಸಿಕೊಳ್ಳಬೇಕು. ಮೊದಮೊದಲ ಸ್ಪಿಟ್‌ಫೈರ್‌ಗಳಲ್ಲಿ ಚಕ್ರ ಮೇಲೆತ್ತಲು ಪಂಪ್ ಹೊಡೆಯಬೇಕಿತ್ತು. ಬಲಗೈಯಲ್ಲಿ ಪಂಪ್ ಹೊಡೆಯುವಾಗ ಎಡಗೈಯೂ ಅಲುಗುತ್ತದೆ, ವಿಮಾನ ಕುಲುಕಾಡುತ್ತದೆ. ಹೊಸಬರು ಏರಿದರು ಅಂತ ನೆಲದಲ್ಲಿ ನಿಂತವರಿಗೆ ಅಷ್ಟರಲ್ಲೇ ತಿಳಿಯುತ್ತಿತ್ತು.

ಮೇಲೆ ಹೋದ ಮೇಲೆ ಮಾತಾಡಲು ರೇಡಿಯೊ ಇಲ್ಲ. ಹೊಡೆಯಲು ಗುಂಡು ಇಲ್ಲ. ಮೋಡದೊಳಗೆ ಮೀಟರ್ ನೋಡಿಕೊಂಡು ಹಾರುವುದನ್ನು ಇವರಿಗೆ ಕಲಿಸಿಯೇ ಇರಲಿಲ್ಲ. ಮೋಡದ ಕೆಳಗೇ ಇರಿ, ನೆಲ ನೋಡುತ್ತ ಹೋಗಿ ಅನ್ನುವುದೇ ನಿಯಮ. ಮೊಣಕಾಲ ಮೇಲೆ ನಕ್ಷೆ. ಕೆಳಗೆ ರೈಲು ಹಳಿ, ನದಿ, ನೇರವಾದ ಹಳೇ ರಸ್ತೆ. ಸೌತಾಂಪ್ಟನ್ ಸುತ್ತ ಶತ್ರು ವಿಮಾನ ತಡೆಯಲು ಉಕ್ಕಿನ ಹಗ್ಗ ಕಟ್ಟಿ ಬಲೂನ್ ಬಿಟ್ಟಿದ್ದರು. ಆ ಹಗ್ಗ ಇವರ ರೆಕ್ಕೆಯನ್ನೂ ಕತ್ತರಿಸಬಲ್ಲದು. ಅದರ ನಡುವೆ ದಾರಿ ಹುಡುಕಿ ಬರಬೇಕು.

ಇವರ ಬಗ್ಗೆ ಬರೆಯುವವರು ಹೆಚ್ಚಾಗಿ ಸಾಹಸ ಅನ್ನುವ ಮಾತು ಬಳಸುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಸಾಹಸ ತೋರಿಸಲು ಇವರಿಗೆ ಯಾರೂ ಹೇಳಿರಲಿಲ್ಲ. ಗೀರು ಬೀಳದ ಹಾಗೆ ವಿಮಾನ ತಲುಪಿಸಿ ಅಂತ ಹೇಳಿದ್ದರು. ಮೋಡ 800 ಅಡಿಗಿಂತ ಕೆಳಗಿದ್ದರೆ ಹೊರಡಬೇಕಿಲ್ಲ. ಹೊರಟ ಮೇಲೆ ಹವಾಮಾನ ಕೆಟ್ಟರೆ ತಿರುಗಿ ಬರಬೇಕೋ, ಮುಂದೆ ಹೋಗಬೇಕೋ ಅಂತ ಒಬ್ಬರೇ ತೀರ್ಮಾನ ಮಾಡಬೇಕು. ಕೇಳಲು ಯಾರೂ ಇಲ್ಲ. ಅತ್ತ ದಂಡಿನವರು ವಿಮಾನಕ್ಕೆ ಕಾಯುತ್ತಿರುತ್ತಾರೆ. ಹೆಂಗಸರಿಗೆ ಆಗುವುದಿಲ್ಲ ಅನ್ನಲು ಕಾದು ಕೂತವರೂ ಇದ್ದರು. ಅಂಥ ಹೊತ್ತಿನಲ್ಲಿ ಇವತ್ತು ಬೇಡ ಅಂತ ಹಿಂದಕ್ಕೆ ತಿರುಗುವುದು ಸುಮ್ನೆ ಮಾತಲ್ಲ. ಈ ವಿವೇಕವನ್ನು ದಿನದಿನವೂ ತೋರಿಸಿದ್ದೇ ಅವರ ದೊಡ್ಡ ಗುಣ ಅಂತ ನಾನು ತಿಳಿದಿದ್ದೇನೆ.

ಆದರೂ ಹವಾಮಾನ ಎಲ್ಲರನ್ನೂ ಬಿಡಲಿಲ್ಲ. ಏಮಿ ಜಾನ್ಸನ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1930ರ ಮೇ ತಿಂಗಳಲ್ಲಿ ಒಬ್ಬರೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಾರಿದವರು. ಕರಾಚಿ ದಾಟಿ ಬರುವಾಗ ಪೆಟ್ರೋಲ್ ಸಾಲದೆ ಝಾನ್ಸಿಯಲ್ಲಿ ಸೈನಿಕರ ಕವಾಯತು ಮೈದಾನದಲ್ಲಿ ಇಳಿದಿದ್ದರು. ಲೋಕವೆಲ್ಲ ಹೆಸರು ಮಾಡಿದ್ದ ಆ ಏಮಿ ಎಟಿಎಗೆ ಬಂದು ಎಲ್ಲರ ಹಾಗೆ ವಿಮಾನ ಮುಟ್ಟಿಸುತ್ತಿದ್ದರು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲ್‌ನಿಂದ ಆಕ್ಸ್‌ಫರ್ಡ್ ಕಡೆಗೆ ಹೊರಟರು. ಹವಾಮಾನ ಕೆಟ್ಟಿತ್ತು. ದಾರಿ ಬಿಟ್ಟು ಬಹಳ ದೂರ, ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಹೋಗಿಬಿಟ್ಟರು. ಪ್ಯಾರಾಚೂಟಿನಲ್ಲಿ ಇಳಿದದ್ದು ಮೈ ಕೊರೆಯುವ ನೀರಿಗೆ. ಹತ್ತಿರದಲ್ಲಿದ್ದ ಹಡಗಿನ ಅಧಿಕಾರಿ ವಾಲ್ಟರ್ ಫ್ಲೆಚರ್ ರಕ್ಷಿಸಲು ನೀರಿಗೆ ಹಾರಿದರು. ಚಳಿ ತಡೆಯದೆ ಅವರೂ ತೀರಿಕೊಂಡರು. ಏಮಿಯ ದೇಹ ಸಿಗಲೇ ಇಲ್ಲ.

ಇನ್ನೊಂದು ಮನೆಯ ಕತೆ. ಮೊದಲ ಎಂಟು ಜನರಲ್ಲೊಬ್ಬರು ಮಾರ್ಗರೆಟ್ ಫೇರ್‌ವೆದರ್. ಗಂಡ ಡಗ್ಲಸ್ ಕೂಡ ಎಟಿಎ ಪೈಲಟ್. 1944ರ ಏಪ್ರಿಲ್‌ನಲ್ಲಿ ಒಬ್ಬ ರೋಗಿಯನ್ನು ಕರೆತರಲು ಕೆಟ್ಟ ಹವೆಯಲ್ಲೂ ಹೊರಟ ಡಗ್ಲಸ್ ಐರಿಷ್ ಸಮುದ್ರದಲ್ಲಿ ಮುಳುಗಿದರು. ಆಗ ಮಾರ್ಗರೆಟ್ ಬಸುರಿ. ಮಗು ಹುಟ್ಟಿತು, ಅವರು ಮತ್ತೆ ಕೆಲಸಕ್ಕೆ ಬಂದರು. ಅದೇ ಆಗಸ್ಟ್‌ನಲ್ಲಿ ಹಾರುತ್ತಿದ್ದ ವಿಮಾನದ ಎಂಜಿನ್ ಕೆಟ್ಟು ನೆಲಕ್ಕೆ ಇಳಿಸುವಾಗ ಪೆಟ್ಟಾಗಿ ಅವರೂ ಸತ್ತರು. ಆ ಮಗುವಿನ ನೆನಪಾದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಎಟಿಎಯಲ್ಲಿ ಒಟ್ಟು 168 ಮಹಿಳಾ ಪೈಲಟ್‌ಗಳಿದ್ದರು. ಪೋಲೆಂಡ್, ದಕ್ಷಿಣ ಆಫ್ರಿಕಾ, ಅಮೆರಿಕ, ಅರ್ಜೆಂಟೀನಾ, ಚಿಲಿಯಿಂದಲೂ ಬಂದವರು. ಗಂಡಸರು ಹೆಂಗಸರು ಸೇರಿ ಅವರು ತಲುಪಿಸಿದ್ದು 3 ಲಕ್ಷ 9 ಸಾವಿರ ವಿಮಾನ. ಶುರುವಿನಲ್ಲಿ ಹೆಂಗಸರಿಗೆ ಗಂಡಸರಿಗಿಂತ ಶೇಕಡಾ 20 ಕಡಿಮೆ ಸಂಬಳ. ಪಾಲಿನ್ ಗವರ್ ಬಿಡಲಿಲ್ಲ. 1943ರಲ್ಲಿ ಸಮಾನ ಸಂಬಳ ಆಯಿತು. ಅದೇ ಕೆಲಸ, ಅದೇ ಸಂಬಳ. ಆ ಕಾಲಕ್ಕೆ ಇದು ಎಂಥ ದೊಡ್ಡ ಗೆಲುವು ಅಲ್ವಾ? ಗವರ್ ಬಹಳ ದಿನ ಬದುಕಲಿಲ್ಲ. 1947ರಲ್ಲಿ ಅವಳಿ ಮಕ್ಕಳನ್ನು ಹೆತ್ತು ಹೆರಿಗೆಯಲ್ಲೇ ತೀರಿಕೊಂಡರು. ಆಗ ಅವರಿಗೆ 36 ವರ್ಷ.

ಮೇರಿ ಎಲ್ಲಿಸ್ ಎಂಬ ಪೈಲಟ್ ಒಮ್ಮೆ ವೆಲ್ಲಿಂಗ್ಟನ್ ಬಾಂಬರನ್ನು ಒಬ್ಬರೇ ಓಡಿಸಿಕೊಂಡು ಹೋಗಿ ಇಳಿಸಿದರು. ಎದುರುಗೊಳ್ಳಲು ಬಂದವರು ಪೈಲಟ್ ಎಲ್ಲಿ ಅಂತ ಕೇಳಿದರು. ನಾನೇ ಅಂದರೂ ನಂಬದೆ ವಿಮಾನದ ಒಳಗೆಲ್ಲ ಹುಡುಕಿದರು. 1944ರಲ್ಲಿ ಒಂದು ಸ್ಪಿಟ್‌ಫೈರ್‌ನ ಕಾಕ್‌ಪಿಟ್ಟಿನಲ್ಲಿ ಮೇರಿ ತಮ್ಮ ಹೆಸರು ಬರೆದಿಟ್ಟಿದ್ದರು. ಎಪ್ಪತ್ತು ವರ್ಷದ ಮೇಲೆ ಆ ವಿಮಾನವೂ ಸಿಕ್ಕಿತು, ಆ ಸಹಿಯೂ ಸಿಕ್ಕಿತು. ಮೇರಿ 2018ರಲ್ಲಿ ತಮ್ಮ 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಯುದ್ಧ ಮುಗಿಯಿತು. 1945ರ ನವೆಂಬರ್ 30ಕ್ಕೆ ಎಟಿಎ ಬಾಗಿಲು ಹಾಕಿತು. ಹೆಚ್ಚಿನವರಿಗೆ ಪೈಲಟ್ ಕೆಲಸ ಮತ್ತೆ ಸಿಗಲಿಲ್ಲ. ಸರ್ಕಾರ ಒಂದು ಬ್ಯಾಡ್ಜ್ ಕೊಟ್ಟು ಗೌರವಿಸಿದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಬದುಕಿದ್ದವರು ಬೆರಳೆಣಿಕೆ. ಅಮೆರಿಕದಲ್ಲೂ ಇದೇ ಕತೆ. ಅಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರು ಸೇನೆಗಾಗಿ ವಿಮಾನ ಓಡಿಸಿದರು, 38 ಜನ ಸತ್ತರು. ಇವರು ನಾಗರಿಕರು ಅಂದ ಕಾರಣಕ್ಕೆ ಶವಪೆಟ್ಟಿಗೆಯ ಮೇಲೆ ಧ್ವಜ ಹೊದಿಸಲಿಲ್ಲ. ಮಾಜಿ ಸೈನಿಕರು ಅಂತ ಒಪ್ಪಿಕೊಂಡದ್ದು 1977ರಲ್ಲಿ.

ನೆನಪು ತಡವಾಗುವುದು ಹೆಂಗಸರಿಗೆ ಮಾತ್ರ ಅಲ್ಲ. ನಮ್ಮ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಮರಳಲಿಲ್ಲ. ಅವರಿದ್ದ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಬೆನ್ನು ಹತ್ತಿದಾಗ ಓಡಿ ಹೋಗದೆ ತಿರುಗಿ ಹೋರಾಡಿ, ಅದನ್ನು ಉರುಳಿಸಿ, ತಾವೂ ಉರುಳಿದ್ದರು. ನಮ್ಮ ಕಡೆಯವರು ಯಾರೂ ಅದನ್ನು ಕಂಡಿರಲಿಲ್ಲ. ಆ ಕಡೆಯ ವಿವರ ಬಹಳ ವರ್ಷದ ಮೇಲೆ ಹೊರಬಂತು. 1988ರಲ್ಲಿ, 23 ವರ್ಷದ ನಂತರ, ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಸ್ವೀಕರಿಸಿದರು.

ಈಗ ನಮ್ಮ ಬೀದರಿನ ಮೇಲೆ ದಿನವೂ ಹಾಕ್ ವಿಮಾನಗಳು ಹಾರುತ್ತವೆ. ಯುದ್ಧವಿಮಾನದ ಪೈಲಟ್ ಆಗುವವರು ಅಲ್ಲಿ ತರಬೇತಿ ಪಡೆಯುತ್ತಾರೆ. 2016ರಲ್ಲಿ ವಾಯುಪಡೆಯ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಕಲಿತದ್ದು ಬೀದರಿನಲ್ಲೇ. 2018ರ ಫೆಬ್ರವರಿಯಲ್ಲಿ ಅವನಿ ಮಿಗ್-21ನ್ನು ಒಬ್ಬರೇ ಹಾರಿಸಿದರು.

ಕೊನೆಗೆ ಬೆಂಗಳೂರಿನವರಲ್ಲಿ ಒಂದು ಕೋರಿಕೆ. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ಹೊತ್ತಿಗೆ ಅಮೆರಿಕದ ಸೇನೆಯ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. ಕೆಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ರಿಪೇರಿಗೆ ಹೋಗುತ್ತಿದ್ದವು. ಸಾವಿರಾರು ಜನ ನಮ್ಮವರು ಅಲ್ಲಿ ರೆಕ್ಕೆ ಬಿಚ್ಚಿದರು, ಎಂಜಿನ್ ತೊಳೆದರು, ಮೊಳೆ ಹೊಡೆದರು. ನಿಮ್ಮ ಅಜ್ಜ, ದೊಡ್ಡಪ್ಪ ಯಾರಾದರೂ ಅಲ್ಲಿ ಕೆಲಸ ಮಾಡಿದ್ದರೆ, ಮನೆಯಲ್ಲಿ ಅವರ ಕಾಲದ ಫೋಟೊ ಇದ್ದರೆ, ದಯವಿಟ್ಟು ಅದರ ಹಿಂದೆ ಹೆಸರು, ಇಸವಿ, ಮಾಡಿದ ಕೆಲಸ ಮೂರನ್ನೂ ಬರೆದಿಡಿ. ಗೊತ್ತಿರುವವರು ಮನೆಯಲ್ಲಿದ್ದಾಗಲೇ ಕೇಳಿ ಬರೆದಿಡಿ.

ನಮಸ್ಕಾರ.