ಒಂದೇ ಮುದ್ರಿಕೆ, ಹಲವು ಕಿವಿಗಳು

ಕೇಳುಗ ಬಾಂಧವರಿಗೆ ನಮಸ್ಕಾರ.

ಉಡುಪಿ, ಮಂಗಳೂರು ಕಡೆಯವರಿಗೆ ಸಂಗೀತ ಕಛೇರಿಗಳ ಬರವೇನೂ ಇಲ್ಲ. ಕೃಷ್ಣಮಠದ ರಾಜಾಂಗಣದಲ್ಲಿ, ಮಂಗಳೂರಿನ ಪುರಭವನದಲ್ಲಿ ಕುಳಿತು ಕೇಳಿದ್ದನ್ನು ದಾರಿಯುದ್ದಕ್ಕೂ ಮಾತನಾಡುತ್ತಾ ಮನೆಗೆ ಹೋಗುವವರು ನಾವು. ಆದರೆ ಧ್ವನಿಮುದ್ರಿಕೆಯ ವಿಷಯಕ್ಕೆ ಬಂದರೆ ನಮ್ಮಲ್ಲಿ ಬಹುಮಂದಿ ಮೌನಿಗಳು. ಒಬ್ಬರೇ ಕೇಳುತ್ತೇವೆ, ಬಹಳ ಹಿಡಿಸಿದರೆ ಸ್ನೇಹಿತರಿಗೆ ಮೊಬೈಲಿನಲ್ಲಿ ಕಳುಹಿಸುತ್ತೇವೆ, ಅವರು ಕೈಮುಗಿಯುವ ಚಿತ್ರವೊಂದನ್ನು ಮರಳಿಸುತ್ತಾರೆ. ಅಲ್ಲಿಗೆ ಮುಗಿಯಿತು. ಕಛೇರಿಯಲ್ಲಿ ಕೈತಪ್ಪಿ ಹೋದ ಸಂಗತಿ ಹೋಯಿತು, ಮುದ್ರಿಕೆಯಲ್ಲಾದರೋ ಅದೇ ಜಾಗಕ್ಕೆ ಹಿಂದಿರುಗಿ, ನಿಲ್ಲಿಸಿ, ಪಕ್ಕದವರನ್ನು "ಇಲ್ಲಿ ನಿಮಗೇನು ಕೇಳಿಸಿತು?" ಎಂದು ವಿಚಾರಿಸಬಹುದು. ಇಷ್ಟು ದೊಡ್ಡ ಅನುಕೂಲವನ್ನು ನಾವು ಬಳಸದೆ ಬಿಟ್ಟಿದ್ದೇವೆ ಎಂಬುದು ನನ್ನ ಕೊರಗು.

ರಥಬೀದಿಯ ಹತ್ತಿರದ ಒಂದು ಮನೆಯಲ್ಲಿ ನಾವು ಕೆಲವರು ಆಗಾಗ ಸೇರಿ ಹಳೆಯ ಮುದ್ರಿಕೆಗಳನ್ನು ಕೇಳುತ್ತೇವೆ. ಅಲ್ಲಿರುವ ಕಟ್ಟಳೆ ಒಂದೇ: ಕೇಳಿದ ಮೇಲೆ "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಏಳುವಂತಿಲ್ಲ. ಎಲ್ಲಿ ಚೆನ್ನಾಗಿತ್ತು, ಯಾವ ಸ್ವರದಲ್ಲಿ, ಯಾವ ಆವರ್ತದಲ್ಲಿ ಎಂದು ತೋರಿಸಬೇಕು. ಸಂಗೀತ ಕಲಿಯದವರಿಗೂ ವಿನಾಯಿತಿ ಇಲ್ಲ. ರಾಗದ ಹೆಸರು ಗೊತ್ತಿಲ್ಲದಿದ್ದರೆ "ಆ ಎರಡನೆಯ ಸಲ ಎಳೆದರಲ್ಲ, ಅಲ್ಲಿ" ಎಂದರೂ ಸಾಕು.

ಒಂದು ಸಂಜೆ ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನರು ಹಾಡಿದ ಮಾರವಾ ರಾಗ ಹಾಕಿದ್ದೆವು. 1960ರ ಸುಮಾರಿಗೆ ಬಂದ ಲಾಂಗ್ ಪ್ಲೇ, ಅಂದರೆ ದೀರ್ಘ ಹೊತ್ತು ಹಾಡುವ ತಟ್ಟೆ ಅದು. ಒಂದು ಮಗ್ಗುಲಲ್ಲಿ ಮಾರವಾ, ಇನ್ನೊಂದು ಮಗ್ಗುಲಲ್ಲಿ ದರ್ಬಾರಿ. ಹಿಂದೂಸ್ತಾನಿ ಸಂಗೀತ ಪ್ರಿಯರು ಇವತ್ತಿಗೂ ಎದೆಗೊತ್ತಿಕೊಳ್ಳುವ ಮುದ್ರಿಕೆ. ನಮ್ಮಲ್ಲಿ ಕರ್ನಾಟಕ ಸಂಗೀತ ಕಲಿಸುವ ಟೀಚರ್ ಒಬ್ಬರಿದ್ದಾರೆ. ಅವರು ಐದು ನಿಮಿಷ ಕೇಳಿ, "ಸ್ವರಗಳೆಲ್ಲ ನಮ್ಮ ಹಂಸಾನಂದಿ ರಾಗದವೇ" ಎಂದರು. ಮಾತು ಸರಿ. ಪಂಚಮ ಇಲ್ಲ, ರಿಷಭ ಶುದ್ಧ, ಅಂದರೆ ಹಿಂದೂಸ್ತಾನಿಯವರ ಕೋಮಲ, ಮಧ್ಯಮ ಪ್ರತಿ, ಅವರಿಗೆ ಅದು ತೀವ್ರ. ಲೆಕ್ಕಕ್ಕೆ ಹಿಡಿದರೆ ಪೂರಿಯಾ, ಸೋಹನಿ ರಾಗಗಳಿಗೂ ಇವೇ ಸ್ವರಗಳು. ಟೀಚರ್ ಇನ್ನೂ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, "ಹಂಸಾನಂದಿಯಾಗಿದ್ದರೆ ಇಷ್ಟು ಹೊತ್ತಿಗೆ ಷಡ್ಜಕ್ಕೆ ಬಂದು ಕೂತಾಗುತ್ತಿತ್ತು. ಇವರು ಯಾಕೆ ಕೂರುವುದಿಲ್ಲ?" ಎಂದು ಕೇಳಿದರು.

ಮಾರವಾದ ಜೀವವೇ ಆ ಪ್ರಶ್ನೆಯಲ್ಲಿದೆ. ಗಾಯಕರು ರಿಷಭದಲ್ಲಿ ನಿಲ್ಲುತ್ತಾರೆ, ಧೈವತದಲ್ಲಿ ನಿಲ್ಲುತ್ತಾರೆ. ಆಧಾರ ಷಡ್ಜ ಕೈಗೆಟಕುವಷ್ಟು ಹತ್ತಿರವಿದ್ದರೂ ಅದನ್ನು ದಾಟಿಕೊಂಡು ಹೋಗುತ್ತಾರೆ. ಪೂರಿಯಾದಲ್ಲಿ ಭಾರ ಗಾಂಧಾರ ನಿಷಾದಗಳ ಮೇಲೆ ಬೀಳುತ್ತದೆ, ಸೋಹನಿ ತಾರ ಸ್ಥಾಯಿಯಲ್ಲಿ ಮಿನುಗುತ್ತದೆ. ಮಾರವಾ ಪಂಚಮವಿಲ್ಲದ ರಾಗವಾದ್ದರಿಂದ ತಂಬೂರಿಯ ಮೊದಲ ತಂತಿಯನ್ನು ಸಾಮಾನ್ಯವಾಗಿ ನಿಷಾದಕ್ಕೆ ಇಳಿಸಿರುತ್ತಾರೆ. ಹಾಗಾಗಿ ಹಿನ್ನೆಲೆಯ ನಾದದಲ್ಲಿಯೂ ನೆಮ್ಮದಿ ಇರುವುದಿಲ್ಲ. ಕೊಂಕಣಿ ಮನೆಮಾತಿನ ಹಿರಿಯರೊಬ್ಬರು, ನಾವೆಲ್ಲ ಮಾಮ್ ಎಂದೇ ಕರೆಯುವವರು, ಚಿಕ್ಕಂದಿನಿಂದ ಹಿಂದೂಸ್ತಾನಿ ಕೇಳಿ ಬೆಳೆದವರು. ಅವರು ಟೀಚರಿಗೆ ಕೊಟ್ಟ ಉತ್ತರ ಹೀಗಿತ್ತು: "ದೀಪ ಹಚ್ಚುವ ಹೊತ್ತಿನ ರಾಗ ಇದು ಟೀಚರ್. ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಕೂರುವುದಾದರೂ ಎಲ್ಲಿ?"

ಅಷ್ಟರಲ್ಲಿ ಮೂಲೆಯಲ್ಲಿದ್ದ ಮದ್ದಳೆಗಾರರು ಬಾಯಿ ತೆರೆದರು. ಯಕ್ಷಗಾನ ಮೇಳದಲ್ಲಿ ತಿರುಗಾಟ ಮಾಡಿದವರು ಅವರು. ಅವರ ಕಿವಿ ಇದ್ದದ್ದು ರಾಗದ ಮೇಲಲ್ಲ, ತಬಲದ ಮೇಲೆ. "14 ಮಾತ್ರೆ ಅಲ್ಲವೇ? ಈ ಮನುಷ್ಯ ಬರೀ ಠೇಕಾ, ಅಂದರೆ ತಾಳದ ಮೂಲ ಪೆಟ್ಟುಗಳನ್ನು ಹಿಡಿದು ಕೂತಿದ್ದಾರೆ. ಭಾಗವತರು ನಿಧಾನದ ಪದ್ಯ ಎತ್ತಿಕೊಂಡರೆ ನಮಗೆ ಕೈ ತುರಿಸುತ್ತದೆ. ಇಷ್ಟು ಹೊತ್ತು ಏನೂ ಮಾಡದೆ ಲಯ ಕಾಯುವುದು ಸಾಮಾನ್ಯ ಕೆಲಸವಲ್ಲ" ಎಂದರು. ಆ 14 ಮಾತ್ರೆಯ ಝೂಮರಾ ತಾಳದ ಅತಿ ವಿಲಂಬಿತವನ್ನು, ಅಂದರೆ ತೀರ ನಿಧಾನದ ನಡೆಯನ್ನು ಅಮೀರ್ ಖಾನರು ಬಹಳ ನೆಚ್ಚಿಕೊಂಡಿದ್ದರು ಎಂಬುದು ನನಗೆ ತಿಳಿದಿತ್ತು. ಆದರೆ ಆ ವಿಲಂಬಿತವನ್ನು ಬೀಳಗೊಡದೆ ಹೊತ್ತು ನಿಂತ ಕೈಯನ್ನು ತೋರಿಸಿಕೊಟ್ಟವರು ಆ ಮದ್ದಳೆಗಾರರು. ಈಗ ಮಾರವಾ ಹಾಕಿದಾಗಲೆಲ್ಲ ತಬಲ ನನಗೆ ಮೊದಲಿಗಿಂತ ಹತ್ತಿರವಾಗಿ ಕೇಳಿಸುತ್ತದೆ.

ಇನ್ನೊಂದು ಬಗೆಯ ಮುದ್ರಿಕೆ ಇದೆ. ಲಾಂಗ್ ಪ್ಲೇಯಂತೆ ಇಪ್ಪತ್ತು ನಿಮಿಷ ಹಾಡುವ ಅವಕಾಶ ಇಲ್ಲದ್ದು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಸಿಗುತ್ತಿದ್ದುದು ಸುಮಾರು ಮೂರು ನಿಮಿಷ. 1902ರಲ್ಲಿ ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ಇಂಥ ಅವಕಾಶದಲ್ಲೇ, ಮೈಕ್ ಇಲ್ಲದ ಕಾಲದಲ್ಲಿ, ಕಹಳೆಯಂಥ ಕೊಳವೆಯೊಳಗೆ ಮುಖವಿಟ್ಟು. ಹಾಡು ಮುಗಿದ ಕೂಡಲೇ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡರು ಎಂಬುದನ್ನು ನೆನೆದು ಕೇಳಿದರೆ ಆ ಹೆಸರು ಹೇಳುವ ದನಿ ಮನಸ್ಸಿಗೆ ನಾಟುತ್ತದೆ.

ಮೂರು ನಿಮಿಷದಲ್ಲಿ ಏನು ಸಾಧ್ಯ ಎಂದು ಕೇಳುವವರಿಗೆ ನಾನು ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯನ್ನು ಕೇಳಿಸುತ್ತೇನೆ. ಬಾಲಕ ಭೀಮಸೇನ ಜೋಶಿಯವರನ್ನು ಗುರುವನ್ನು ಅರಸಿ ಮನೆ ಬಿಟ್ಟು ಹೋಗುವಂತೆ ಮಾಡಿದ ತಟ್ಟೆ ಎಂದು ಹೆಸರಾದದ್ದು ಅದೇ. ದನಿ ತೆಳು, ದಾರದಷ್ಟು ತೆಳು. ಆದರೆ ಸ್ವರಕ್ಕೆ ಹೋಗಿ ನಿಂತಿತೆಂದರೆ ಕೂದಲೆಳೆಯಷ್ಟೂ ಕದಲುವುದಿಲ್ಲ. ಪೀಠಿಕೆಗೆ ಸಮಯವಿಲ್ಲ, ಹಾಗಾಗಿ ಮೊದಲ ಸಾಲಿನಲ್ಲಿಯೇ ರಾಗದ ಮುಖ ಪೂರ್ತಿ ಕಾಣಬೇಕು. ಕಾಣುತ್ತದೆ ಕೂಡ. ಖಾನ್ ಸಾಹೇಬರು ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನೂ ತಟ್ಟೆಗೆ ಹಾಡಿದ್ದಾರೆ. ಅದನ್ನು ಹಾಕಿದಾಗ ಟೀಚರ್ ಪಲ್ಲವಿಯನ್ನು ಗುರುತಿಸಿ ಒಳಗೊಳಗೇ ಹಾಡಿಕೊಂಡರು, ಗಮಕ, ಅಂದರೆ ಸ್ವರದ ತೂಗಾಟ, ಇಲ್ಲದ ಕಡೆಗಳಲ್ಲಿ ಸ್ವಲ್ಪ ಮುಖ ಕಿವುಚಿದರು, ಮುಗಿದ ಮೇಲೆ ಇನ್ನೊಮ್ಮೆ ಹಾಕಿ ಎಂದರು.

ಗಂಗೂಬಾಯಿ ಹಾನಗಲ್ಲರ ಮುದ್ರಿಕೆಗಳನ್ನು ಕೇಳುವವರಿಗೆ ನನ್ನದೊಂದು ವಿನಂತಿ. 1930ರ ದಶಕದ ತಟ್ಟೆಗಳನ್ನೂ ಆಮೇಲಿನ ಲಾಂಗ್ ಪ್ಲೇಗಳನ್ನೂ ಒಂದೇ ದಿನ ಒಂದರ ಹಿಂದೆ ಒಂದು ಹಾಕಿ. ಮೊದಲಿನದು ಏರು ಶ್ರುತಿಯ, ಚುರುಕಾದ ಹುಡುಗಿಯ ಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆ ದನಿ ಇಳಿದು ಗಂಡುದನಿಯ ಘನತೆ ಪಡೆಯಿತು. ಇಬ್ಬರೂ ಒಬ್ಬರೇ ಎಂದರೆ ನಮ್ಮ ಮದ್ದಳೆಗಾರರು ಒಪ್ಪಲೇ ಇಲ್ಲ. ಹೋದ ಕಂಠಕ್ಕೆ ಮರುಗದೆ, ಬಂದ ಕಂಠಕ್ಕೆ ತಕ್ಕ ಗಾಯನವನ್ನು ಕಟ್ಟಿಕೊಂಡ ಆ ಧೈರ್ಯವನ್ನು ಅಕ್ಷರದಲ್ಲಿ ಓದಿ ತಿಳಿಯುವುದು ಬೇರೆ, ಎರಡು ಮುದ್ರಿಕೆಗಳ ನಡುವೆ ಕುಳಿತು ಕೇಳುವುದೇ ಬೇರೆ.

ನಮ್ಮ ಜಿಲ್ಲೆಯವರೇ ಆದ ಕದ್ರಿ ಗೋಪಾಲನಾಥರ ಮಾತು ಬಂದರೆ ನಮ್ಮ ಕೂಟದಲ್ಲಿ ಎಲ್ಲರಿಗೂ ಹೇಳಲು ಇರುತ್ತದೆ. 1949ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ನಾಗಸ್ವರ ನುಡಿಸುವ ತಂದೆಯ ಮಗನಾಗಿ ಹುಟ್ಟಿದವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತವರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯವರೆಗೆ ಅದನ್ನು ಹೊತ್ತುಕೊಂಡು ಹೋದವರು. ಇದು ಎಲ್ಲರಿಗೂ ಗೊತ್ತು. ಗಮನಿಸಬೇಕಾದದ್ದು ಆಲಾಪನೆಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಹಾದಿ. ಕೀಲಿಗಳ ವಾದ್ಯಕ್ಕೆ ಮೆಟ್ಟಿಲು ಹತ್ತುವುದು ಸುಲಭ, ಜಾರುವುದು ಕಷ್ಟ. ವಾದ್ಯವನ್ನೇ ನಮ್ಮ ಸಂಗೀತಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡು, ತುಟಿ ಮತ್ತು ಉಸಿರಿನ ಹಿಡಿತದಿಂದ ಅವರು ತಂದ ಆ ಜಾರು ಗಮಕದಲ್ಲಿ ನನಗೆ ದೇವಸ್ಥಾನದ ನಾಗಸ್ವರವೇ ಕೇಳಿಸುತ್ತದೆ.

ಕೇಳುವ ಉಪಕರಣದ ಬಗ್ಗೆ ಎರಡು ಮಾತು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ತಂಬೂರಿಯ ಮಂದ್ರ ತಂತಿ, ಮೃದಂಗದ ಎಡಗೈ ಹೆಚ್ಚುಕಡಿಮೆ ಮಾಯವಾಗುತ್ತವೆ. ಸಾಲದು ಎನಿಸಿದ್ದ ಮುದ್ರಿಕೆಯೇ ಹೆಡ್‌ಫೋನ್ ಹಾಕಿ ಕೇಳಿದರೆ ತುಂಬಿಕೊಂಡು ಬರುತ್ತದೆ. ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78ಕ್ಕೇ ಮುದ್ರಿತವಾದವಲ್ಲ. ವೇಗ ಹೆಚ್ಚಿದರೆ ಶ್ರುತಿಯೂ ಏರುತ್ತದೆ, ತಾನಗಳೂ ಓಡುತ್ತವೆ. ಆದ್ದರಿಂದ ಗಾಯಕರ ದನಿ ಚೀರಲು ಎಂದು ತೀರ್ಪು ಕೊಡುವ ಮುಂಚೆ ವೇಗ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಇನ್ನು ನಮ್ಮ ಕರಾವಳಿಯ ಮಳೆಗಾಲ ಕ್ಯಾಸೆಟ್ಟುಗಳ ಶತ್ರು. ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನೋ ಮಾವನೋ ಧ್ವನಿಮುದ್ರಿಸಿಟ್ಟ ಕಛೇರಿಗಳಿದ್ದರೆ ತೆಗೆದು ನೋಡಿ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಹಾಗೆಯೇ ಪ್ಲೇಯರಿಗೆ ಹಾಕಬೇಡಿ, ತಿಳಿದವರ ಕೈಗೆ ಕೊಡಿ. ಪಕ್ಕವಾದ್ಯದವರು ಯಾರು, ಎಲ್ಲಿ ನಡೆದದ್ದು ಎಂದು ನೆನಪಿರುವ ಹಿರಿಯರು ಮನೆಯಲ್ಲಿದ್ದರೆ ಈಗಲೇ ಕೇಳಿ ಬರೆದಿಡಿ.

ಮಾರವಾದ ಹಿಂಬದಿಯ ದರ್ಬಾರಿಯ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಆ ರಾಗದ ಗಾಂಧಾರ ತೂಗುತ್ತದೆ ಎನ್ನುತ್ತಾರೆ ಮಾಮ್. ಅದು ಗಮಕವೇ, ಕಾಲ ಮಾತ್ರ ನಿಧಾನ ಎನ್ನುತ್ತಾರೆ ಟೀಚರ್. ಮುಂದಿನ ಸಲ ಸೇರಿದಾಗ ಆ ಗಾಂಧಾರ ಬರುವಲ್ಲೆಲ್ಲ ನಿಲ್ಲಿಸಿ, ಟೀಚರ್ ತಮ್ಮ ಕಾನಡ ರಾಗದ ಗಾಂಧಾರವನ್ನು ಪಕ್ಕದಲ್ಲಿಯೇ ಹಾಡಿ ತೋರಿಸುವುದೆಂದು ಮಾತಾಗಿದೆ. ನಿಮ್ಮಲ್ಲಿ ಯಾರಿಗಾದರೂ ಈ ವಿಷಯದಲ್ಲಿ ಅಭಿಪ್ರಾಯವಿದ್ದರೆ ನಿಲಯಕ್ಕೆ ಕಾಗದ ಬರೆಯಿರಿ. ಯಾವ ಮುದ್ರಿಕೆಯ ಎಷ್ಟನೆಯ ನಿಮಿಷ ಎಂಬುದನ್ನು ಮಾತ್ರ ಮರೆಯದೆ ನಮೂದಿಸಿ.

ನಮಸ್ಕಾರ.