ಹಳೆಯ ಸಿಎನ್‌ಸಿ ಮೆಷಿನ್‌ಗೆ ಟ್ಯಾಬ್ಲೆಟ್ ಜೋಡಿಸುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಸಣ್ಣ ವರ್ಕ್‌ಶಾಪ್ ನಡೆಸುವವರಿಗೆ ಇವತ್ತಿನ ನನ್ನ ಮಾತು. ನಿಮ್ಮ ಶೆಡ್‌ನಲ್ಲಿ ತೊಂಬತ್ತರ ದಶಕದ ಸಿಎನ್‌ಸಿ ಮೆಷಿನ್, ಅಂದರೆ ಪ್ರೋಗ್ರಾಂ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ, ಇರಬಹುದು. ಸ್ಪಿಂಡಲ್ ಚೆನ್ನಾಗಿದೆ, ಅಳತೆ ಸರಿಯಾಗಿಯೇ ಬರುತ್ತಿದೆ. ಆದರೆ ಅದಕ್ಕೆ ಪ್ರೋಗ್ರಾಂ ಕಳಿಸುತ್ತಿದ್ದ ಕಂಪ್ಯೂಟರ್ ಕೆಟ್ಟು ಕೂತಿದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಕಾಣುವುದೇ ಅಪರೂಪ. ಹಾಗಂತ ಒಳ್ಳೆಯ ಮೆಷಿನ್ ಗುಜರಿಗೆ ಹೋಗಬಾರದು. ಮನೆಯಲ್ಲಿ ಮಕ್ಕಳು ಪಾಠ ಕೇಳುವ ಆಂಡ್ರಾಯ್ಡ್ ಟ್ಯಾಬ್ಲೆಟ್ ಈ ಕೆಲಸ ಮಾಡಬಲ್ಲದು.

ಆ ಪೋರ್ಟಿನ ಪದ್ಧತಿಗೆ ಆರ್‌ಎಸ್-232 ಅಂತ ಹೆಸರು. 1960ರಲ್ಲಿ ಅಮೆರಿಕದಲ್ಲಿ ಬಂದದ್ದು. ಕಳಿಸುವುದಕ್ಕೆ ಒಂದು ವೈರ್, ಪಡೆಯುವುದಕ್ಕೆ ಒಂದು, ಗ್ರೌಂಡ್ ಒಂದು. ಮೂಲ ಕೆಲಸಕ್ಕೆ ಇಷ್ಟೇ ಸಾಕು. ಸೊನ್ನೆಗೆ ಪ್ಲಸ್ 3ರಿಂದ 15 ವೋಲ್ಟ್, ಒಂದಕ್ಕೆ ಮೈನಸ್ 3ರಿಂದ 15 ವೋಲ್ಟ್. ಈ ವೋಲ್ಟೇಜ್ ನೆನಪಿಡಿ. ಅಂಗಡಿಯಲ್ಲಿ 'ಯುಎಸ್‌ಬಿ ಟು ಟಿಟಿಎಲ್' ಅನ್ನುವ ಚಿಕ್ಕ ಬೋರ್ಡ್ ಕಡಿಮೆ ಬೆಲೆಗೆ ಸಿಗುತ್ತದೆ. ಅದು 3.3 ಅಥವಾ 5 ವೋಲ್ಟಿನದು. ಮೆಷಿನ್‌ಗೆ ನೇರವಾಗಿ ಹಾಕಿದರೆ ಆ ಬೋರ್ಡ್ ಸುಟ್ಟುಹೋಗಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದಾಗ 'ಯುಎಸ್‌ಬಿ ಟು ಆರ್‌ಎಸ್-232' ಅಂತಲೇ ಕೇಳಿ. ಜೊತೆಗೆ ಒಂದು ಓಟಿಜಿ ಅಡಾಪ್ಟರ್, ಅಂದರೆ ಟ್ಯಾಬ್ಲೆಟ್ಟಿಗೆ ಯುಎಸ್‌ಬಿ ಸಾಧನ ಸಿಕ್ಕಿಸಲು ಬಿಡುವ ಜೋಡಕ, ಬೇಕು. ಟ್ಯಾಬ್ಲೆಟ್ಟಿಗೆ ಓಟಿಜಿ ಸೌಲಭ್ಯ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಐಪ್ಯಾಡ್ ಇದ್ದವರಿಗೆ ಈ ದಾರಿ ಸುಲಭವಲ್ಲ. ಅವರು ಸೀರಿಯಲ್ಲನ್ನು ವೈಫೈಗೆ ಬದಲಿಸುವ ಡಬ್ಬಿ ಹಾಕಿಕೊಳ್ಳುವುದು ಒಳ್ಳೆಯದು.

ಮೆಷಿನ್‌ಗೆ ಸಿಕ್ಕಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಂಬತ್ತು ಪಿನ್ನಿನ ಕನೆಕ್ಟರ್‌ನಲ್ಲಿ 2 ಮತ್ತು 3ನೇ ಪಿನ್ನನ್ನು ಚಿಕ್ಕ ವೈರಿನಿಂದ ಸೇರಿಸಿ. ಸೀರಿಯಲ್ ಟರ್ಮಿನಲ್ ಆ್ಯಪ್ ತೆರೆದು ಏನಾದರೂ ಕಳಿಸಿ. ಕಳಿಸಿದ್ದು ವಾಪಸ್ ಬಂದರೆ ಟ್ಯಾಬ್ಲೆಟ್, ಅಡಾಪ್ಟರ್, ಕನ್ವರ್ಟರ್ ಮೂರೂ ಸರಿ. ಆಮೇಲೆ ಏನೇ ತೊಂದರೆ ಬಂದರೂ ಕೇಬಲ್‌ನಲ್ಲಿ ಅಥವಾ ಸೆಟ್ಟಿಂಗ್‌ನಲ್ಲಿ ಹುಡುಕಬೇಕು.

ಸೆಟ್ಟಿಂಗ್ ಅಂದರೆ ಬಾಡ್ ರೇಟ್ (ಕಳಿಸುವ ವೇಗ), ಬಿಟ್ (ಒಂದು ಅಕ್ಷರಕ್ಕೆ ಎಷ್ಟು ಸೊನ್ನೆ-ಒಂದುಗಳು), ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್), ಸ್ಟಾಪ್ ಬಿಟ್ (ಅಕ್ಷರ ಮುಗಿಯಿತು ಅನ್ನುವ ಗುರುತು). ಎಷ್ಟೋ ಹಳೆಯ ಕಂಟ್ರೋಲ್‌ಗಳಲ್ಲಿ ಇದು 4800 ಅಥವಾ 9600, ಏಳು ಬಿಟ್, ಈವನ್ ಪ್ಯಾರಿಟಿ, ಎರಡು ಸ್ಟಾಪ್ ಬಿಟ್. ಎರಡೂ ಕಡೆ ಒಂದೇ ಇರಬೇಕು. ಏಳು ಬಿಟ್ ಆದ್ದರಿಂದ ಪ್ರೋಗ್ರಾಮಿನೊಳಗೆ ಕನ್ನಡದಲ್ಲಿ ಟಿಪ್ಪಣಿ ಬರೆದರೆ ಮೆಷಿನ್ ತಗೊಳ್ಳುವುದಿಲ್ಲ. ಇಂಥ ತಪ್ಪು ಹಿಡಿಯಲು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಉಪಯೋಗಕ್ಕೆ ಬರುತ್ತದೆ. ಪೈಡ್ರಾಯ್ಡ್‌ನಂಥ ಆ್ಯಪ್ ಇದ್ದರೆ ಟ್ಯಾಬ್ಲೆಟ್ಟಿನಲ್ಲೇ ಪೈಥಾನ್ ಬರೆಯಬಹುದು. ಒಂದು ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಸಾಕು. ಮೆಷಿನ್‌ಗೆ ಕಳಿಸುವ ಫೈಲಿನ ಮೊದಲು, ಕೊನೆಯಲ್ಲಿ ಆರಂಭ-ಅಂತ್ಯ ತೋರಿಸುವ ಶೇಕಡಾ ಚಿಹ್ನೆ (%) ಇದೆಯಾ, ಬೇಡದ ಅಕ್ಷರ ನುಸುಳಿದೆಯಾ ಅಂತ ಅದು ನೋಡಿಕೊಳ್ಳುತ್ತದೆ. ಕಳಿಸುವ ಭಾಗ ಸ್ವಲ್ಪ ತೊಡಕು. ಆಂಡ್ರಾಯ್ಡ್‌ನಲ್ಲಿ ಲಿನಕ್ಸಿನ ಹಾಗೆ ಪೋರ್ಟನ್ನು ನೇರವಾಗಿ ತೆರೆಯಲು ಬಿಡುವುದಿಲ್ಲ. ಯುಎಸ್‌ಬಿ ಅನುಮತಿ ಕೇಳುವ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡ್, ಬೇಕು. ಮೊದಮೊದಲು ಪರೀಕ್ಷೆಯನ್ನು ಪೈಥಾನ್‌ಗೆ, ಕಳಿಸುವುದನ್ನು ಟರ್ಮಿನಲ್ ಆ್ಯಪ್‌ಗೆ ಬಿಡಿ.

ಈ ಮೆಷಿನ್‌ಗಳ ಮೆಮೊರಿಯನ್ನು ಮೀಟರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಹಿಂದೆ ಪ್ರೋಗ್ರಾಂ ಇರುತ್ತಿದ್ದದ್ದು ತೂತು ಹೊಡೆದ ಕಾಗದದ ಟೇಪಿನಲ್ಲಿ, ಇಂಚಿಗೆ 10 ಅಕ್ಷರ. ಹಾಗಾಗಿ 80 ಮೀಟರ್ ಅಂದರೆ ಸುಮಾರು 32 ಕಿಲೋಬೈಟ್. ವಾಟ್ಸಾಪಿನ ಒಂದು ಫೋಟೋ ಇದಕ್ಕಿಂತ ದೊಡ್ಡದು! ಅಚ್ಚು ಕೊರೆಯುವ ಪ್ರೋಗ್ರಾಂ ಅಷ್ಟರಲ್ಲಿ ಹಿಡಿಸುವುದಿಲ್ಲ. ಆಗ ಮೆಷಿನ್ ಕತ್ತರಿಸುತ್ತಾ ಹೋದಂತೆ ಸ್ವಲ್ಪ ಸ್ವಲ್ಪವೇ ಕಳಿಸಬೇಕು. ಇದಕ್ಕೆ ಡ್ರಿಪ್ ಫೀಡ್ ಅನ್ನುತ್ತಾರೆ. ಹೊಟ್ಟೆ ತುಂಬಿದಾಗ ಮೆಷಿನ್ 19 ಅನ್ನುವ ಸಂಕೇತ ಕಳಿಸುತ್ತದೆ, ನಿಲ್ಲಿಸಬೇಕು. 17 ಬಂದರೆ ಮುಂದುವರಿಸಬೇಕು. ನಡುವೆ ಟ್ಯಾಬ್ಲೆಟ್ ಪರದೆ ಆರಿ ಆ್ಯಪ್ ಮಲಗಿದರೆ ಕಟರ್ ಜಾಬಿನ (ಕತ್ತರಿಸುತ್ತಿರುವ ಲೋಹದ ತುಂಡಿನ) ಮೇಲೇ ನಿಂತು ಗುರುತು ಬೀಳುತ್ತದೆ. ಅದಕ್ಕೇ ಪರದೆ ಆರದಂತೆ ಮಾಡಿಟ್ಟುಕೊಳ್ಳಿ. ಟ್ಯಾಬ್ಲೆಟ್ ಬ್ಯಾಟರಿ ಮೇಲೆಯೇ ಓಡಲಿ. ಚಾರ್ಜರ್ ಹಾಕದಿದ್ದರೆ ಅರ್ಥಿಂಗ್ ವ್ಯತ್ಯಾಸದ ಕಾಟವೂ ಕಡಿಮೆ. ಕೇಬಲ್ ಸಿಕ್ಕಿಸುವಾಗ, ಬಿಚ್ಚುವಾಗ ಮಾತ್ರ ಮೆಷಿನ್ ಆಫ್ ಇರಲೇಬೇಕು.

ಎಲ್ಲ ಜೋಡಣೆ ಆದ ಮೇಲೆ ಮೊದಲು ಯಾವ ಜಾಬಿನ ಪ್ರೋಗ್ರಾಮನ್ನೂ ಕಳಿಸಬೇಡಿ. ಮೆಷಿನ್‌ನ ಪ್ಯಾರಾಮೀಟರ್‌ಗಳನ್ನು, ಅಂದರೆ ಅದು ನಡೆಯಲು ಬೇಕಾದ ಒಳಗಿನ ಸೆಟ್ಟಿಂಗ್‌ಗಳನ್ನು, ಟ್ಯಾಬ್ಲೆಟ್ಟಿಗೆ ಇಳಿಸಿಕೊಳ್ಳಿ. ಹಳೆಯ ಕಂಟ್ರೋಲ್‌ಗಳಲ್ಲಿ ಅವು ಉಳಿಯುವುದು ಒಂದು ಚಿಕ್ಕ ಬ್ಯಾಟರಿಯ ಬಲದಿಂದ. ಅದು ಸತ್ತರೆ ಎಲ್ಲವೂ ಅಳಿಸಿಹೋಗುತ್ತದೆ. ಕಂಪನಿ ಕೊಟ್ಟ ಕಾಗದವೂ ಕಳೆದಿದ್ದರೆ ಮೆಷಿನ್ ಅಲ್ಲಾಡುವುದಿಲ್ಲ. ಇಳಿಸಿಕೊಂಡ ಫೈಲಿನ ಇನ್ನೊಂದು ಪ್ರತಿಯನ್ನು ಬೇರೆ ಕಡೆಯೂ ಇಡಿ. ಅದಾದ ಮೇಲೆ ಮೊದಲ ಪ್ರೋಗ್ರಾಂ ಕಳಿಸಿ, ಜಾಬ್ ಕಟ್ಟದೆ ಗಾಳಿಯಲ್ಲಿ ಒಮ್ಮೆ ಓಡಿಸಿ ನೋಡಿ.

ನಮಸ್ಕಾರ.